ಎರಡು ಕಿವಿಗಳ ನಡುವೆ

ಮೊದಲು ಕುಂಟಿದ್ದು ಹೇಸರಗತ್ತೆ.
ಟೈರು ಕತ್ತರಿಸಿ ಮಾಡಿದ ಅದರ ಮೆಟ್ಟಿನೊಳಗೆ
ಒಂದು ಗಾಜಿನ ಚೂರು, ಆಮೇಲೆ ಕೀವು.
ಹದಿನೈದು ದಿನ ಹೊರೆ ಬೇಡ ಅಂದ
ಬಾಬ್ ಗಿಸ್ಸಾ ಬಾಗಿಲಲ್ಲಿ ಕೂರುವ ಮದ್ದಿನ ಮುದುಕ.

ಹಾಗಾಗಿ ಗೊತ್ತಾಯಿತು.
ಇಲ್ಲದಿದ್ದರೆ ಇನ್ನೆಷ್ಟು ದಿನವೋ.

ಫೆಸ್ ಪೇಟೆಯ ಓಣಿಗಳನ್ನು
ಪೂರ್ತಿ ಎಣಿಸಿದೆನೆಂದವನನ್ನು ನಾನು ಕಂಡಿಲ್ಲ.
ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು.
ನಲವತ್ತೊಂದು ವರ್ಷ ಅಪ್ಪ ಅಲ್ಲಿ ಹಸಿ ತೊಗಲು ಸಾಗಿಸಿದ,
ಗ್ಯಾಸ್ ಸಿಲಿಂಡರು, ಮದುವಣಗಿತ್ತಿಯರ ಪೆಟ್ಟಿಗೆ,
ಒಮ್ಮೆ ಒಂದು ಪಿಯಾನೋ, ಬಿಚ್ಚಿ, ಏಳು ಸಲ.
ಮುಂದೆ ಅವನ ಕೂಗು: ಬಾಲಾಕ್! ಬಾಲಾಕ್!
ಹಿಂದೆ ತೊಗಲಿನ ನಾತ.
ದಾರಿ ಕೇಳಿದ ಪರದೇಶಿಗಳಿಗೆ
ಬೆರಳು ತೋರಿಸುತ್ತಿರಲಿಲ್ಲ, ಬರೀ ಗದ್ದ.

ಆ ಸೋಮವಾರ ಅಮ್ಮ
ನಾದಿದ ಹಿಟ್ಟಿನ ಹಲಗೆ ಕೊಟ್ಟು ಕಳಿಸಿದಳು.
ರೊಟ್ಟಿಭಟ್ಟಿ ಮೂರು ತಿರುವಿನಾಚೆ;
ಐದು ವರ್ಷದ ನಾನು ತಲೆ ಮೇಲೆ ಹೊತ್ತು
ಕಣ್ಣು ಮುಚ್ಚಿ ಹೋಗಿಬರುತ್ತಿದ್ದ ದಾರಿ.
ಮಧ್ಯಾಹ್ನದ ಅಜಾನ್ ಆಯಿತು. ಇಳಿಹೊತ್ತಿನದೂ ಆಯಿತು.
ಕಂಚುಗಾರ ಲಹ್ಸೆನ್‌ನ ಮಗ ಕೈಹಿಡಿದು ತಂದು ಬಿಟ್ಟ.
ಹಿಟ್ಟು ಉಬ್ಬಿ, ಬಟ್ಟೆ ದಾಟಿ,
ಅಪ್ಪನ ತೋಳಿಗೆ ಇಳಿದು ಹುಳಿ ಹಿಡಿದಿತ್ತು.
"ಭಟ್ಟಿ ಎತ್ತಿ ಬೇರೆ ಕಡೆ ಇಟ್ಟಿದ್ದಾರೆ" ಅಂದ,
ಮೋಸ ಮಾಡಿದವರ ಹೆಸರು ಗೊತ್ತಿದ್ದೂ
ಹೇಳದೆ ಬಿಡುವ ದೊಡ್ಡವನ ಹಾಗೆ.

ಅಮ್ಮ ನಕ್ಕಳು. ಆಮೇಲೆ ನಗಲಿಲ್ಲ.

ರಾತ್ರಿ ನಾನು ಹಿಂದೆ ಹಿಂದೆ ಲೆಕ್ಕ ಹಾಕಿದೆ.
ಮೊದಲೆಲ್ಲ ಅವನು ಮುಂದೆ, ಝರ್ಕಾ ಹಿಂದೆ.
ಕಳೆದ ರಮಜಾನಿನಿಂದೀಚೆ ಝರ್ಕಾ ಮುಂದೆ,
ಇವನ ಕೈಯಲ್ಲಿ ಹಗ್ಗ ಸಡಿಲ.
ವಯಸ್ಸಾಯಿತು ಅಂದುಕೊಂಡಿದ್ದೆವು.
ತಿರುವು ಬಂದಾಗ ಅರೆಗಳಿಗೆ ನಿಂತು
ಸಿಗರೇಟಿಗೆ ಜೇಬು ತಡಕುವುದು,
ಅದು ಎತ್ತ ಹೊರಳಿತೋ ಅತ್ತ ಬೈಯುತ್ತ ಹೊರಳುವುದು,
ತಾನೇ ಹೊರಳಿಸಿದವನಂತೆ.
ಸೇದುವುದನ್ನು ಬಿಟ್ಟು ಅವನಿಗೆ ಒಂಬತ್ತು ವರ್ಷ.

ಒಂದು ಮೂಕಪ್ರಾಣಿ
ಅಷ್ಟು ದಿನ ಅವನ ಮಾನ ಕಾದಿತ್ತು.

ಹೊಸಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ಹಾಳೆ ಕೊಟ್ಟಳು:
ಬಾಬ್ ಗಿಸ್ಸಾದಿಂದ ತೊಗಲು ಹದ ಮಾಡುವ ಗುಂಡಿಗಳವರೆಗೆ
ದಾರಿ ಬರೆಯಿರಿ, ಬೂಶ್ತಾ ಅವರೇ.
ತುಂಬ ಹೊತ್ತು ಬರೆದ, ನಾಲಿಗೆ ತುದಿ ಕಚ್ಚಿಕೊಂಡು.
ಹಾಳೆಯಲ್ಲಿ ಎರಡು ಉದ್ದ ಕಿವಿ.
ನಡುವೆ ಚಿಕ್ಕದೊಂದು ಗೋಡೆ, ಚೂರು ಬೆಳಕು.
"ಇದೇ ದಾರಿ" ಅಂದ.

ಅವಳು ತನ್ನ ಕಿವಿಯ ಮೇಲೆ ಬೆರಳಿಟ್ಟು
ಫ್ರೆಂಚಿನಲ್ಲಿ ನನಗೆ ಹೇಳಿದಳು:
ಇಲ್ಲಿ ಒಳಗೆ, ದಾರಿಗಳನ್ನು ಇಟ್ಟುಕೊಂಡ ಜಾಗ.
ಎಷ್ಟೋ ಜನರಲ್ಲಿ ಅಲ್ಲೇ ಮೊದಲು ಮಬ್ಬು,
ಹೆಸರು, ಮುಖ ಮರೆಯುವ ಮುಂಚೆ.
ಕೊನೆಗೆ ಆಡಿದ ಆ ಒಂದು ಪದವನ್ನು
ಅಪ್ಪನ ಮಾತಿಗೆ ನಾನು ತಿರುಗಿಸಲಿಲ್ಲ.

ತೊಗಲಿನ ಸಾಹುಕಾರ ಝರ್ಕಾಗೆ
ಒಳ್ಳೆ ಬೆಲೆ ಹೇಳಿ ಕಳಿಸಿದ.
ಬಾಗಿಲು ಪೂರ್ತಿ ತೆರೆಯಲೂ ಇಲ್ಲ ಅಮ್ಮ.

ಈಗ ಹೊರೆಯಿಲ್ಲದೆ ಹೋಗುತ್ತಾರೆ ಇಬ್ಬರೂ, ಬೆಳಿಗ್ಗೆ,
ಅಂಗಡಿಗಳು ಕದ ತೆರೆಯುವ ಮೊದಲು.
ಹತ್ತು ಹೆಜ್ಜೆ ಹಿಂದೆ ನಾನು.
ಹಿಂದಿರುಗುವಾಗ ಓಟ ನನ್ನದು, ಎದುರಿನಿಂದ ಬಂದವಳಂತೆ.
ಖಾಲಿ ಓಣಿಯಲ್ಲೂ ಅವನು ಕೂಗುತ್ತಾನೆ, ಬಾಲಾಕ್!
ನಾನು ಗೋಡೆಗೆ ಅಂಟಿ ನಿಲ್ಲುತ್ತೇನೆ.