ಐದುನೂರಾ ಇಪ್ಪತ್ಮೂರು

ಐತವಾರ ಸಂಜಿ ಐದಕ್ಕ ಈರಸಂಗಪ್ಪ ಬರತಾನ,
ನವನಗರದ ಹದಿನೇಳನೇ ಸೆಕ್ಟರಿನ ನಮ್ಮ ಕಟ್ಟಿಗೆ.
ಅವಗ ಚಾ, ನನ್ನ ಗಂಡಗ ಜೀರಗಿ ನೀರು.
ಚಾ ಬಿಟ್ಟು ಹನ್ನೊಂದು ವರ್ಷಾತು ಎಲೀಶ,
ಹೈದರಾಬಾದಿನಾಗ ಮುಳುಗಿ ಎದ್ದು ಮಾರ್ಮನ್ ಆದ ದಿನದಿಂದ.
ಎದುರಿನವನ ಕಪ್ಪಿನ ಹಬಿ ಮಾತ್ರ
ಇನ್ನೂ ಮೂಗಿನಾಗ ಎಳಕೊಂತಾನ, ನಾ ನೋಡೇನಿ.

"ಮತ್ತ? ಯಾವಾಗಂತ?" ಅಂತಾನ ಈರಸಂಗಪ್ಪ.
ನಮಸ್ಕಾರದ ಬದಲಿ ಅದು.
"ದಿನಾ ಯಾರಿಗೂ ತಿಳಿಸಿಲ್ಲ. ಗುರುತಷ್ಟ ತಿಳಿಸ್ಯಾರ."
"ನಿಮ್ಮ ಸಭಾದ ಹೆಸರಿನಾಗ ಕಡೇ ದಿನ ಐತಿ.
ಆ ಬೋರ್ಡು ಬರದು ಇನ್ನೂರು ವರ್ಷಾಗಾಕ ಬಂತು.
ಕಡೇ ದಿನ ಇಷ್ಟು ಉದ್ದ ಇರತೈತೇನೋ ಮಾರಾಯ?"
"ದೇವರ ಗಡಿಯಾರ ಬ್ಯಾರೆ."
"ಹಂಗಾದರ ಕೀಲಿ ಕೊಡಾವ ಯಾರು?"

ಮಿಸೂರಿ ಅನ್ನೂ ಸೀಮ್ಯಾಗ
ಹೊಸ ಯೆರೂಸಲೇಮು ಕಟ್ಟತಾರಂತ,
ಇವ ಹೇಳತಾನ, ಕಣ್ಣಾಗ ನೀರು ತುಂಬಿ.
ಅವ ಸರ್ವೇ ಖಾತೆಯಾಗ ಮೂವತ್ತು ವರ್ಷ ಸರಪಳಿ ಎಳದಾವ,
ಕೇಳತಾನ: "ನಮಗೊಂದು ನವನಗರ ಸಾಲದೇನು?
ಅಲ್ಲೆ ಪ್ಲಾಟು ಮೂವತ್ತು ನಲವತ್ತರದೋ?
ಮೂಲಿ ಪ್ಲಾಟಿಗೆ ಹೆಚ್ಚಿಗಿ ರೊಕ್ಕೇನು?
ನಳ ಎಷ್ಟು ದಿನಕ್ಕೊಮ್ಮೆ ಬಿಡತಾರ?"

ನನಗ ನಗು ಬರತೈತಿ. ನಗಂಗಿಲ್ಲ.
ಒಳಗ, ಮಂಚದ ಬುಡಕ, ಹದಿನಾಲ್ಕು ಡಬ್ಬಿ:
ಜೋಳ, ಗೋದಿ, ತೊಗರಿ, ಉಪ್ಪು,
ಬೇವಿನ ಎಲಿ ಹಾಕಿ, ಒಂದು ವರ್ಷಕ್ಕ ಆಗುವಷ್ಟು.
ತಾರೀಖು ಬರದ ಕಾಗದ ಹಚ್ಚೂದು ಅವ,
ಹುಳ ಆರಿಸೂದು ನಾನು.
ಲೋಕ ಮುಗಿಯೂದರ ಕೆಲಸದಾಗ
ಕೇರೂದು ಬೀಸೂದು ಯಾರ ಪಾಲಿಗೆ ಅಂತ
ಇಬ್ಬರೂ ಒಮ್ಮಿನೂ ವಾದ ಮಾಡಿಲ್ಲ.

ಗ್ರಹಣದ ರಾತ್ರಿ ಚಂದ್ರ ಬೆಲ್ಲದ ಬಣ್ಣಕ್ಕ ತಿರುಗಿತು.
"ನೋಡು," ಅಂದ ಎಲೀಶ, "ರಕ್ತ."
"ನೋಡು," ಅಂದ ಈರಸಂಗಪ್ಪ, "ನಮ್ಮ ಭೂಮಿ ನೆಳ್ಳು.
ಪಂಚಾಂಗದಾಗ ನಿಮಿಷದ ಸಹಿತ ಬರದಾರ.
ಪ್ರವಾದನಿ ಅಂದರ ಅದು.
ಇಲ್ಲಾ, ನಾ ಬರದದ್ದು:
ಹಳೇ ಬಾಗಲಕೋಟಿ ಗ್ವಾಡಿ ಮ್ಯಾಲೆ, ಕೆಂಪು ಬಣ್ಣದಾಗ,
ಐದುನೂರಾ ಇಪ್ಪತ್ಮೂರು ಮೀಟರು.
ಇಲ್ಲೀತನಾ ಹಿನ್ನೀರು ಬರತೈತಿ ಅಂದೆ. ಬಂತು."

ಎಲೀಶ ಸುಮ್ಮನಾದ. ನಾನೂ.
ಆ ಬಣ್ಣ ನಮ್ಮ ಬಾಗಿಲ ಚೌಕಟ್ಟಿನ ಬಾಜೂಕ ಇತ್ತು,
ಮಗಳ ಎತ್ತರ ಅಳದ ಗೀಟಿಗಿಂತ ಗೇಣು ಮ್ಯಾಲೆ.

ಭಾಳೊತ್ತು ಬಿಟ್ಟು ಕೇಳಿದ ನನ್ನ ಗಂಡ:
"ನಿನ್ನ ಮನಿ ಗ್ವಾಡಿಗೆ ಬರದಿದ್ದೇನ?"
ಚಂದ್ರ ಅರ್ಧ ಬಿಳಿ ಆಗಿತ್ತು. ಚಾ ಆರಿತ್ತು.
"ಬರದಿದ್ದೆ," ಅಂದ.
"ನಂಬಲಿಲ್ಲ.
ಅವ್ವನ ಹಗೇವಿನಾಗ ಎಂಟು ಚೀಲ ಜೋಳ ಹಂಗ ಬಿಟ್ಟೆ.
ಸರಪಳಿ ನನ್ನದು, ಲೆಕ್ಕ ನನ್ನದು, ಕೈ ನನ್ನದು,
ಆದರೂ ನೀರು ಹೊಸ್ತಿಲಕ ಬಂದಾಗ
ಯಾರೋ ಸುಳ್ಳು ಹೇಳ್ಯಾರ ಅನಿಸ್ತು."

ಇದು ಎಲೀಶನ ಗೆಲುವು ಅಂತ ತಿಳಕೊಂಡೆ.
ಅವ ಗೆಲ್ಲಲಿಲ್ಲ. ಒಳಗ ಹ್ವಾದ,
ಡಬ್ಬಿ ಎಳಿಯೂ ಸಪ್ಪಳ ಕೇಳಿತು,
ಹೋದ ವರ್ಷದ ತಾರೀಖಿನ ಜೋಳ
ಚೀಲಕ್ಕ ಸುರಿವಿ ತಂದು ಅವನ ಸೈಕಲ್ಲಿಗೆ ಕಟ್ಟಿದ.
"ಮುಗ್ಗು ಹಿಡಿಯೂದರೊಳಗ ತಿನ್ನು."

ಮುಂದಿನ ಐತವಾರ ಮತ್ತ ಬಂದ, ಅದ ಹೊತ್ತಿಗೆ.
ಚೀಲ ಝಾಡಿಸಿ ಮಡಿಚಿ ನನ್ನ ಕೈಗೆ ಕೊಟ್ಟ.
"ಮತ್ತ? ಯಾವಾಗಂತ?"
ಇವ ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದ.
ಖಾಲಿ ಡಬ್ಬಿ ಇಳಿಬಿಸಲಿಗೆ ಬೋರಲ ಹಾಕಿದೆ.
ಅಷ್ಟರಾಗ ನಳ ಬಂತು, ಎಂಟು ದಿನಕ್ಕೊಮ್ಮಿ ಬರೂದು;
ಕೊಡ ಹೊರಾಕ ಇಬ್ಬರನ್ನೂ ಎಬ್ಬಿಸಿದೆ.