ಬಿಳೀ ರಾಡು

ಬಾ ಸುಹೈಲ, ಚಪ್ಪಲ ಒಳಗ ತಗೋ, ನಾಯಿ ಒಯ್ತದ.
ಹೆಗಲ ಮ್ಯಾಲಿಂದು ಹೊಸಾದಾ? ತೆಗಿ, ನೋಡೂನು.
ಏನು ಹಗುರ ಅದಪಾ! ಒಳಗ ಕಟಗಿ ಅದನೋ, ಬರೇ ಗಾಳಿನೋ?
ಮ್ಯಾಲ ಕಾಲಿಲೆ ತುಳಿಯೂ ಡಬ್ಬಿ ನಾಕು.
ಇದನ್ನ ತುಳದ್ರ ಚರ್ಚಿನ್ಯಾಗ ಬಾರಿಸಿದಂಗ,
ಇದನ್ನ ತುಳದ್ರ ಬಾವ್ಯಾಗ.
ನಮ್ಮ ಕಾಲಕ್ಕ ಬಾವ್ಯಾಗ ಬಾರಿಸಿದಂಗ ಕೇಳಬೇಕಂದ್ರ
ಬಾವಿಗೇ ಇಳೀಬೇಕಿತ್ತು.

ನಂದು ಎದಿಗೆ ಆನಿಸಿ ಬಾರಿಸೂದಲ್ಲ. ತೊಡಿ ಮ್ಯಾಲ ಮಲಗಿಸೂದು,
ಕೂಸಿಗಿ ಎಣ್ಣಿ ಹಚ್ಚೂ ಹಂಗ.
ಹವಾಯನ್ ಅಂತಿದ್ರು. ಆ ಊರು
ಹುಮನಾಬಾದ ದಾಟಿದ ಮ್ಯಾಲ ಇರಬೇಕಂತ ನಮ್ಮವ್ವ ತಿಳಕೊಂಡಿದ್ದಳು.
ಕಲ್ಕತ್ತಾದಿಂದ ಪಾರ್ಸಲ್ ಬಂತು, ಭತ್ತದ ಹುಲ್ಲಿನ್ಯಾಗ ಸುತ್ತಿ.
ಹುಲ್ಲು ಎಮ್ಮಿಗಿ ಹಾಕಿದ್ವಿ,
ಮೂಸಿ ಬಿಟ್ಟುಬಿಡ್ತು, ಕಣಿಕಿ ತಿಂದ ಬಾಯಿ.
ರೇಡಿಯೋ ತುಕಾರಾಮ ಸತ್ತ ರೇಡಿಯೋದ ಹೊಟ್ಟಿ ಬಗದು
ಆಂಪ್ಲಿಫೈಯರ್ ಕಟ್ಟಿ ಕೊಟ್ಟ. ಕಾದ ಮ್ಯಾಲೇ ಅದರ ದನಿ.
ಅಲ್ಲೀ ತನಕ ಅದರ ಮ್ಯಾಲ ಚಾದ ಬಸಿ ಇಡ್ತಿದ್ವಿ.
ತಂತಿ ಹರದ್ರ? ಸೈಕಲ್ ಬ್ರೇಕಿನ ವಾಯರು ಬಿಚ್ಚಿ ಒಂದೆಳಿ.
ನಗಬ್ಯಾಡ. ಎರಡು ಲಗ್ನ ಬಾರಿಸೀನಿ ಅದರ ಮ್ಯಾಲ.

ಶಹಾಬಾದದ ಸಿಮೆಂಟ್ ಕಾಲೋನಿಯಾಗ ಪ್ರೋಗ್ರಾಂ.
ಅದರ ಹಿಂದಿನ ದಿನ ನನ್ನ ಉಕ್ಕಿನ ರಾಡು
ಭಾಲ್ಕಿ ಬಸ್ಸಿನ ತಳದಾಗಿನ ತೂತಿನ್ಯಾಗಿಂದ ಉದುರಿ ಹೋಯ್ತು.
ರಾಡಿಲ್ಲ ಅಂದ್ರ ನನ್ನ ಗಿಟಾರು ಬರೇ ಮಣಿ.
ಓಡಿಕೋತ ನಿಮ್ಮ ಅಜ್ಜನ ಹಂತ್ಯಾಕ ಹೋದೆ.
ಖುದ್ರತಸಾಬ ಮಾತಾಡಲಿಲ್ಲ. ಸತು ಕರಗಿಸಿದ, ತಾಮ್ರ ಚೂರು ಹಾಕಿದ,
ಉಸುಕಿನ ಅಚ್ಚಿನ್ಯಾಗ ಹೊಯ್ದ, ಒಂದು ತಾಸು ಅರ ತಿಕ್ಕಿದ.
ಹೂವು ಯಾವುದು ಕೆತ್ತಲಿ ಅಂದ.
ಹೂವು ಬ್ಯಾಡ ಭಾಯಿ, ತಂತಿಗಿ ತೊಡರ್ತದ ಅಂದೆ.
ಹೂವಿಲ್ಲದ್ದು ನನ್ನ ಕೈಯಾಗಿಂದ ಹೊರಗ ಹೋಗಂಗಿಲ್ಲ ಅಂದವನೇ
ತಂತಿ ಮುಟ್ಟದ ತುದಿಗಿ ಬೆಳ್ಳಿ ಎಳಿಲೆ ಒಂದೇ ಒಂದು ಕೂಡಿಸಿದ.
ಆಮ್ಯಾಲ ಕರೀ ಮಾಡಬೇಕಲ್ಲ.
ಕ್ವಾಟಿ ಮಣ್ಣು ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟಗೊಂಡ,
ಕಣ್ಣು ಮುಚ್ಚಿದ, ಥೂ ಅಂತ ಉಗಳಿದ.
ಈ ಮಣ್ಣು ಬರೋಬರಿಲ್ಲ. ಇವತ್ತು ಬಿಳೀದೇ ಒಯ್ಯಿ,
ಶುಕ್ರವಾರ ಬಾ.

ಮೂರನೇ ಹಾಡಿಗಿ ಕರೆಂಟು ಹೋಯ್ತು.
ಡ್ರಮ್ಮಿನವ ಬೀಡಿ ಹಚ್ಚಿದ. ನಾ ಮಾತ್ರ ರಾಡು ಎತ್ತಲಿಲ್ಲ.
ಮುಂದಿನವರು ಹಿಂದಿನವರಿಗಿ ಶ್ಶ್ ಅಂದ್ರು,
ಆ ಶ್ಶ್ ಹಿಂದಕ ಹಿಂದಕ ಹೋಗಿ ಗೇಟಿನ ವಾಚ್‌ಮನ್‌ಗಿ ಮುಟ್ಟಿತು.
ಆವಾಗ ಕೇಳಿಸ್ತು ನೋಡು,
ಕತ್ತಲಾಚಿಗಿ ಫ್ಯಾಕ್ಟರಿ ಭಟ್ಟಿ ಗುಂಯ್ ಅನ್ನೂದು.
ನನ್ನ ಸುರಕ್ಕಿಂತ ಕೂದಲೆಳಿಯಷ್ಟು ಕೆಳಗ.
ನಿನ್ನ ಗಿಟಾರಿಗಿ ಪಟ್ಟಿ ಅವ. ಈ ಪಟ್ಟಿಗೂ ಆ ಪಟ್ಟಿಗೂ ನಡುವ
ಮನಿಯಿಲ್ಲದ ಸುರ ಅದು.
ರಾಡು ಒಂದೀಟು ಹಿಂದ ಜಗ್ಗಿದೆ.
ಭಟ್ಟಿ ತಂಬೂರಿ ಆಗಿ ಕುಂತಬಿಡ್ತು ನನ್ನ ಬಾಜೂಕ.
ಎಷ್ಟು ಹೊತ್ತು, ಯಾರು ಗಡಿಯಾರ ನೋಡ್ಯಾರ?
ಲೈಟು ಬಂದ ಮ್ಯಾಲ ಮಂದಿ ಅಯ್ಯೋ ಅಂದ್ರು. ಅಷ್ಟೇ.
ಚಪ್ಪಾಳಿಗಿಂತ ಅದು ನನಗ ಛಲೋ ಕೇಳಿಸ್ತು.

ಶುಕ್ರವಾರ ಹೋಗಲಿಲ್ಲ. ಉದಗೀರದಾಗ ಲಗ್ನ ಇತ್ತು.
ಮುಂದಿನ ಶುಕ್ರವಾರ ಮತ್ತೇನೋ.
ಚೌಬಾರಾದಾಗ ಸಿಕ್ಕಾಗೆಲ್ಲ ನಿಮ್ಮ ಅಜ್ಜ ಅಂಗೈ ತಿರುವಿ ತೋರಸ್ತಿದ್ದ,
ಕರೀ ಮಾಡೂದು ಬಾಕಿ ಅದ ಅಂತ.
ಮಣ್ಣು ಕೊಡೂ ದಿನ ಎಲ್ಲಾರ ಹಿಂದ ನಿಂತಿದ್ದೆ ನಾ.
ಅಂಗೀ ಕಿಸೆದಾಗ ಇತ್ತು ಇದು.

ಇಲ್ಲಿ ನೋಡು, ಹೆಬ್ಬಟ್ಟು ಕೂಡೂ ಜಾಗಾ,
ನನ್ನ ಬೆವರಿಗೇ ಎಷ್ಟು ಕಪ್ಪಾಗ್ಯಾದ.
ಅಲ್ಲಿ ಮಾತ್ರ ಹೂವು ಕಾಣ್ತದ, ಅರ್ಧಾ.

ಆ ಡಬ್ಬಿ ವಾಯರು ಕಿತ್ತಿಡು. ಗಿಟಾರು ತೊಡಿ ಮ್ಯಾಲ ಮಲಗಿಸು.
ತಂತಿ ತಗ್ಗಿನ್ಯಾಗ ಅವ, ಪಟ್ಟಿಗಿ ಬಡೀತದ ರಾಡು,
ಬೆಂಕಿಕಡ್ಡಿ ಎರಡು ಮುರದು ಕೆಳಗ ತೂರಸು.
ಹಾಂ. ಈಗ ಇಡು.
ಭಾರ ಹಾಕಬ್ಯಾಡ,
ನಾಲಿಗಿ ಮ್ಯಾಲ ಮಣ್ಣು ಇಟ್ಟಂಗ ಇಡು.

ಇವತ್ತು ಯಾವ ವಾರ?
ಮಂಗಳವಾರ.
ಹಂಗಾರ ಅವಸರಿಲ್ಲ, ಬಾರಸು.