ಆರು ಮೊಟ್ಟೆಯ ಸಾಲ

ತಗಡಿನ ಪೆಟ್ಟಿಗೆಯ ಮೇಲೆ ನನ್ನದೇ ಕೈಬರಹ:
ಒಂದಾಟಕ್ಕೆ ಹತ್ತು ಪೌಂಡು. ನೋಡುವವರಿಲ್ಲ. ಹಾಕಿ.

ಹುಲ್ಲು ಕತ್ತರಿಸುವವಳು ನಾನು,
ಅಂಚೆ ವ್ಯಾನು ಓಡಿಸುವವಳೂ ನಾನೇ.
ಒಂಬತ್ತು ಕುಳಿ, ನೂರಾ ಎಪ್ಪತ್ತು ಕುರಿ,
ತಂತಿಬೇಲಿಯಾಚೆ ಇಡೀ ಅಟ್ಲಾಂಟಿಕ್.
ಹೆಬ್ರಿಡೀಸ್‌ನ ಈ ತುಂಡುನೆಲಕ್ಕೆ
ಕ್ಲಬ್ಬು ಅಂತ ಹೆಸರು; ಕಟ್ಟಡ ಅಂದರೆ
ಹಳೆಯ ದೋಣಿಮನೆ, ಒಂದು ಕೆಟಲ್ಲು, ಏಳು ಬಟ್ಟಲು.

ಬಾಗಿಲಿಗೆ ಮೊಳೆ ಹೊಡೆದ ನಿಯಮ ಮೂರೇ:
ಹಿಕ್ಕೆಯಲ್ಲಿ ಬಿದ್ದ ಚೆಂಡನ್ನು ಎತ್ತಿ ಒರೆಸಿಕೊಳ್ಳಬಹುದು.
ಕುರಿ ಮೇಲೆ ಮಲಗಿದ್ದರೆ ಅದು ಏಳುವತನಕ ಕಾಯಬೇಕು.
ಮಿಕ್ಕಿದ್ದೆಲ್ಲ ಬಿದ್ದಲ್ಲಿಂದಲೇ.

ಗುರುವಾರ ಸಂಜೆ ನಾವು ನಾಲ್ವರು.
ಮೀನಿಗೆ ಹೊಗೆ ಹಾಕುವ ಫೈನ್ಲೆ,
ಅವನ ಮೊಮ್ಮಗಳು ಮರ್ಸೈಲಿ, ಒಂಬತ್ತು ವರ್ಷ,
ತನ್ನ ಹೊಡೆತವನ್ನಲ್ಲ, ಊರವರದ್ದೆಲ್ಲ ಎಣಿಸುವವಳು.
ಆಮೇಲೆ ಎಖನ್. ಎಂಬತ್ತಕ್ಕೆ ಎರಡು ಕಮ್ಮಿ.
ಅವನ ಚೆಂಡು ಎಲ್ಲಿಗೆ ಹೋಯಿತೆಂದು
ಅವನಿಗೆ ನಾವು ಹೇಳಬೇಕು.
'ಎಡಕ್ಕೆ, ಕಲ್ಲಿನ ಹತ್ತಿರ' ಅಂದರೆ
'ಚೆನ್ನಾಗಿತ್ತಾ?' ಅನ್ನುತ್ತಾನೆ.
'ಚೆನ್ನಾಗಿ ಹೊರಟಿತ್ತು' ಅನ್ನುತ್ತೇವೆ.

ಪಣ ಯಾವಾಗಲೂ ಆರು ಮೊಟ್ಟೆ.

ನಗಬಾರದು ಅಂತ ಯಾರು ಹೇಳಿದರು?
ಫೈನ್ಲೆ ಗಾಳಿಗೆ ಎದುರಾಗಿ ಬೀಸಿ
ಚೆಂಡು ಅಲ್ಲೇ ಕೂತು, ಟೋಪಿ ಮಾತ್ರ ಹಾರಿ
ಕುರಿಯೊಂದರ ಕೊಂಬಿಗೆ ಸಿಕ್ಕಿಕೊಂಡ ದಿನ
ನಾವು ಮರಳ ಮೇಲೆ ಬಿದ್ದು ಉರುಳಾಡಿದ್ದೆವು.
ಮರ್ಸೈಲಿಗೆ ಬಿಕ್ಕಳಿಕೆ ನಿಲ್ಲಲೇ ಇಲ್ಲ.
ಆದರೂ ಎಖನ್ ಚೆಂಡಿನ ಮುಂದೆ ನಿಂತೊಡನೆ
ಬಿಕ್ಕಳಿಕೆಯನ್ನು ಬಾಯೊಳಗೆ ಹಿಡಿದು
ಕೆನ್ನೆಯುಬ್ಬಿಸಿ ನಿಂತಳು ಹುಡುಗಿ,
ಅವನ ಕೋಲು ಬೀಸಿ ಮುಗಿಯುವ ತನಕ.
ಯಾರೂ ಕಲಿಸಿದ್ದಲ್ಲ ಅದು.
ಅಥವಾ ಎಲ್ಲರೂ ಕಲಿಸಿದ್ದು.

ಕಳೆದ ವಾರ, ಏಳನೆಯ ಕುಳಿ.
ರಾತ್ರಿ ಹತ್ತಾದರೂ ಇಳಿಯದ ಬೆಳಕು.
ಎಖನ್‌ನ ಚೆಂಡು ಮರಳದಿಬ್ಬದಾಚೆ, ಜೊಂಡಿನಲ್ಲಿ.
ಹುಡುಕಿಕೊಟ್ಟು ಈಚೆ ಬಂದೆವು.
ಅವನು ಒಬ್ಬನೇ ಅಲ್ಲಿ; ನಮಗೆ ಕಂಡದ್ದು
ಬಿಳಿ ತಲೆ, ಅದರ ಮೇಲೊಂದು ಗುಬ್ಬಚ್ಚಿಯಷ್ಟು ಮೋಡ.
ಮೇಲೆ ಬಂದ, ಕೊನೆಯದನ್ನು ಕುಳಿಗೆ ತಳ್ಳಿದ.
'ಐದು!' ಕಿರುಚಿದಳು ಮರ್ಸೈಲಿ, ಅವನ ಪರವಾಗಿ ಖುಷಿಗೆ.
ಐದಾದರೆ ಮೊಟ್ಟೆ ಅವನದು.

'ಆರು' ಅಂದ ಎಖನ್.
'ಜೊಂಡು ಸರಿಸುವಾಗ ಅಲುಗಿತು.'
'ಯಾರು ನೋಡಿದರು?' ಅಂದ ಫೈನ್ಲೆ.
ಎಖನ್ ಕನ್ನಡಕ ತೆಗೆದು ಒರೆಸಿದ:
'ನನಗೇ ಸರಿಯಾಗಿ ಕಾಣಲಿಲ್ಲ. ಕೋಲಿಗೆ ತಾಗಿದ್ದು ಗೊತ್ತಾಯಿತು.'
ಅಷ್ಟೇ. ಟೀ ಆರುತ್ತದೆ, ನಡೆಯಿರಿ ಅಂದ.
ಕೊನೆಯ ಕುಳಿಯಲ್ಲಿ ಟೋಪಿ ತೆಗೆದು ಕೈ ಕುಲುಕಿದ,
ಹುಡುಗಿಯ ಕೈಯನ್ನೂ, ದೊಡ್ಡವರದರಂತೆಯೇ.

ಮೊಟ್ಟೆ ಗೆದ್ದವಳು ನಾನು.

ಜೂನ್ ತಿಂಗಳ ಎರಡನೆಯ ಗುರುವಾರವೂ
ನಾನೇ ಗೆದ್ದಿದ್ದೆ. ಆ ಸಂಜೆ
ಮರಳುಗುಂಡಿಯಲ್ಲಿ ನಾನೊಬ್ಬಳೇ,
ಮೊದಲ ಪೆಟ್ಟಿಗೆ ಚೆಂಡು ಮಿಸುಕಲಿಲ್ಲ,
ಎರಡನೆಯದಕ್ಕೆ ಹಾರಿತು.
ಮೇಲೆ ಬಂದು ಒಂದೇ ಅಂದೆ.
ಬಾಯಿ ತಾನಾಗಿ ಅಂದಿತು, ನಾನು ತಡೆಯಲಿಲ್ಲ.
ಆ ಮೊಟ್ಟೆಗಳನ್ನು ಕೇಕಿಗೆ ಹಾಕಿ
ಎಖನ್‌ಗೂ ಒಂದು ತುಂಡು ಕೊಟ್ಟಿದ್ದೆ.
ಹೊಗಳಿ ತಿಂದಿದ್ದ.

ನೋಡುವವರಿಲ್ಲ, ಹಾಕಿ
ಎಂದು ಬರೆದ ಕೈ ಇದೇ.

ಶುಕ್ರವಾರ ಅಂಚೆಯ ಜೊತೆ
ಹನ್ನೆರಡು ಮೊಟ್ಟೆ ಒಯ್ದೆ.
ಬಾಗಿಲು ತೆರೆದ, ಬುಟ್ಟಿಯನ್ನು ತಡವಿ ಎಣಿಸಿದ.
'ಇದೇನು, ಯಾವ ಲೆಕ್ಕಕ್ಕೆ?'
ಹೇಳಬೇಕೆಂದೇ ಹೋಗಿದ್ದೆ.
ಎಂಜಿನ್ನು ಆರಿಸಿರಲಿಲ್ಲ ನಾನು.
'ಆರು ಈ ವಾರದ್ದು, ವಾಪಸ್' ಅಂದೆ.
'ಮತ್ತೆ ಆರು?'

ಕಡಲ ಕಡೆ ನೋಡಿದೆ. ಕುರಿಯೊಂದು
ಮೂರನೆಯ ಕುಳಿಯ ಬಾವುಟವನ್ನು ಮೇಯುತ್ತಿತ್ತು.
ಅವನು ಕಾಯುತ್ತ ನಿಂತ,
ಬೇರೆಯವರ ಸರದಿಯಲ್ಲಿ ನಿಲ್ಲುವಂತೆ,
ಅಲುಗದೆ,
ಮಾತಾಡದೆ.